ತೋಳ ಬಂತು ತೋಳ, ಮತ್ತು ಐದು ಏಟು

ಕೊಪ್ಪಳ ಜಿಲ್ಲೆಯ ನಮ್ಮೂರ ಶಾಲೆಯಲ್ಲಿ ಯಾರಾದರೂ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮರುದಿನ ಪ್ರಾರ್ಥನೆ ಮುಗಿದ ಮೇಲೆ ತೋಳದ ಕಥೆ ಗ್ಯಾರಂಟಿ. ಕುರಿ ಕಾಯುವ ಹುಡುಗ ಸುಮ್ನೆ 'ತೋಳ ಬಂತು ತೋಳ' ಅಂತ ಕೂಗುತ್ತಾನೆ. ನಿಜವಾಗಿ ಬಂದಾಗ ಯಾರೂ ಬರುವುದಿಲ್ಲ. ಏಳು ವರ್ಷ ಕೇಳಿ ಕೇಳಿ, ಮಾಸ್ತರರು ಎಲ್ಲಿ ಕೆಮ್ಮುತ್ತಾರೆ ಅನ್ನುವುದೂ ನಮಗೆ ಬಾಯಿಪಾಠ.

ನಮ್ಮದು ನಿಜಕ್ಕೂ ತೋಳ ಇರುವ ಸೀಮೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಗ ಅವಕ್ಕೇ ಒಂದು ವನ್ಯಧಾಮ ಇದೆ. ಶಾಲೆಯಲ್ಲಿ ಕುರಿಗಾರರ ಮನೆಯ ಹುಡುಗರೇ ಜಾಸ್ತಿ. ಒಂದು ದಿನ ಸಾಲಿನಲ್ಲಿ ನಿಂತಿದ್ದವನೊಬ್ಬ ಕೇಳಿಯೇಬಿಟ್ಟ: "ಸರ, ನಮ್ ಹಟ್ಟ್ಯಾಗ ದಿನಾ ಸುಳ್ಳ ಕೂಗಿದ್ರೂ ಎದ್ದು ಓಡ್ತಾರ್ರಿ. ಕುರಿ ನಮ್ಮವು ಅಲ್ರಿ?" ಮಾಸ್ತರರು ಗದರಿದರು. ಆದರೆ ಅವನು ಕೇಳಿದ್ದು ಸರಿ ಅಲ್ವಾ? ಸುಳ್ಳು ಹೇಳಿದ್ದು ಹುಡುಗ, ಸತ್ತದ್ದು ಕುರಿ. ಕೇಳಿಯೂ ಬಾರದ ದೊಡ್ಡವರಿಗೆ ಮಾತ್ರ ಆ ಕಥೆಯಲ್ಲಿ ಒಂದು ಬೈಗುಳವೂ ಇಲ್ಲ.

ಅದೇ ಮಾಸ್ತರರ ಎದುರು ಒಮ್ಮೆ ನಿಜ ಹೇಳಿದೆ. ಆಫೀಸ್ ರೂಮಿನ ಕಿಟಕಿ ಗಾಜು ಒಡೆದದ್ದು ನನ್ನ ಚೆಂಡೇ ಅಂತ. ಅಂಗೈಗೆ ಐದು ಏಟು. ಜೊತೆಯಲ್ಲಿ ಆಡುತ್ತಿದ್ದ, ಬಾಯಿ ಬಿಡದ ಇಬ್ಬರಿಗೆ ಏನೂ ಇಲ್ಲ. ಮುಂದಿನ ಗಾಜು ಒಡೆದಾಗ ನಾನೂ ಬಾಯಿ ಬಿಡಲಿಲ್ಲ.

2014ರಲ್ಲಿ ಕೆನಡಾದ ಸಂಶೋಧಕರು ಇಂಥ ಕಥೆ ಕೇಳಿದರೆ ಮಕ್ಕಳು ನಿಜ ಹೇಳುತ್ತಾರಾ ಅಂತ ಮೂರರಿಂದ ಏಳು ವರ್ಷದವರ ಮೇಲೆ ಪರೀಕ್ಷಿಸಿದ್ದರು. ಆಟಿಕೆಯನ್ನು ಕದ್ದು ನೋಡಬೇಡ ಅಂತ ಹೇಳಿ ಹೊರಗೆ ಹೋಗುವುದು. ವಾಪಸ್ ಬಂದು ಒಂದು ಕಥೆ ಓದಿ, ಆಮೇಲೆ 'ನೋಡಿದೆಯಾ?' ಅಂತ ಕೇಳುವುದು. ತೋಳದ ಕಥೆ ಕೇಳಿದವರಿಗೂ ಆಮೆ-ಮೊಲದ ಕಥೆ ಕೇಳಿದವರಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನಾಟಿದ್ದು ಜಾರ್ಜ್ ವಾಷಿಂಗ್ಟನ್ ಚೆರ್ರಿ ಮರ ಕಡಿದು ಒಪ್ಪಿಕೊಂಡ ಕಥೆ. ಅಲ್ಲಿ ಅಪ್ಪ ಹೊಡೆಯುವುದಿಲ್ಲ, ಮಗ ನಿಜ ಹೇಳಿದ ಅಂತ ಖುಷಿಪಡುತ್ತಾನೆ. (ಅಂದಹಾಗೆ, ಆ ಕಥೆಯೇ ಒಬ್ಬ ಜೀವನಚರಿತ್ರೆಕಾರ ಕಟ್ಟಿದ್ದು ಅನ್ನುತ್ತಾರೆ. ನಿಜ ಹೇಳಿಸೋಕೆ ಒಂದು ಸುಳ್ಳು!)

ನಮ್ಮಲ್ಲೂ ಪುಣ್ಯಕೋಟಿ ಇದ್ದಾಳೆ. ಅವಳು ನಿಜ ನಡೆಸಿದ್ದಕ್ಕೆ ಹುಲಿಯೇ ಕರಗಿತು. ಅವಳನ್ನು ವರ್ಷಕ್ಕೊಮ್ಮೆ ಗ್ಯಾದರಿಂಗಿನಲ್ಲಿ ಹಾಡಿಸಿ ಸುಮ್ಮನಾಗುತ್ತಾರೆ. ತಪ್ಪು ಸಿಕ್ಕಾಗ ನೆನಪಾಗುವುದು ತೋಳವೇ.

ಈಗ ಮಗನ ಶಾಲೆಯಲ್ಲೂ ಅದೇ ಕಥೆ, ಸ್ಮಾರ್ಟ್ ಬೋರ್ಡಿನಲ್ಲಿ. ಹೋದ ವಾರ ಅವನು ನನ್ನ ಫೋನು ಬೀಳಿಸಿ, ಸ್ಕ್ರೀನು ಒಡೆದು, ತಾನೇ ಬಂದು ಹೇಳಿದ. ಕೈ ಮೇಲೆ ಹೋಗಿತ್ತು. ಇಳಿಸಿದೆ. ಬೈಯಲೇ ಇಲ್ಲ ಅಂದರೆ ಸುಳ್ಳಾಗುತ್ತೆ. ಸ್ವಲ್ಪ ಬೈದೆ.