ಪರಿಶಿಷ್ಟರ ಜಮೀನನ್ನೆಲ್ಲ ಮಾರುವಂತಿಲ್ಲವೇ? ಸತ್ಯಾಂಶ ಇಲ್ಲಿದೆ

ಪರಿಶಿಷ್ಟರಿಂದ ಜಮೀನು ಕೊಂಡರೆ ಯಾವತ್ತಿದ್ದರೂ ಕೈತಪ್ಪುತ್ತದೆ ಎಂಬ ಮೆಸೇಜ್ ಕೋಲಾರ, ಚಿಕ್ಕಬಳ್ಳಾಪುರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ನಾಲ್ಕು ಜನಕ್ಕೆ ಎಚ್ಚರಿಕೆ ಇರಲಿ ಎಂದೇ ಹೆಚ್ಚಿನವರು ಕಳಿಸುವುದು. ಆದರೆ ಅದು ಸರಿಯಲ್ಲ.

ಜನ ಪಿಟಿಸಿಎಲ್ ಎನ್ನುವ, ಕೆಲವು ಜಮೀನುಗಳ ಪರಭಾರೆ ತಡೆಯುವ ಕರ್ನಾಟಕದ 1978ರ ಕಾಯ್ದೆ ಬರೀ ಜಾತಿ ನೋಡುವುದಿಲ್ಲ, ಜಮೀನು ಹೇಗೆ ಬಂತು ಅಂತಲೂ ನೋಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಮಾತ್ರ ಅದು ಅನ್ವಯ. ಕಷ್ಟಕಾಲದಲ್ಲಿ ಬಡವರು ಅದನ್ನು ಸಿಕ್ಕ ಬೆಲೆಗೆ ಕಳೆದುಕೊಳ್ಳಬಾರದು ಎಂದೇ ಈ ಕಾಯ್ದೆ ಬಂದದ್ದು. ಮಾರಬೇಕಾದರೆ ಮೊದಲೇ ಸರ್ಕಾರದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದ್ದರೆ ಜಮೀನು ವಾಪಸ್ ಕೊಡಿಸಿ ಎಂದು ಆ ಕುಟುಂಬ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಇದಕ್ಕೆ ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಯಿತು.

ಸ್ವಂತ ದುಡ್ಡಿನಲ್ಲಿ ಯಾರದೋ ಹಿಡುವಳಿ ಜಮೀನು ಕೊಂಡ ದಲಿತ ರೈತನಿಗೆ ಈ ಕಟ್ಟಿಲ್ಲ. ಅಂಥವರು ಮಗಳ ಓದಿಗೋ ಆಸ್ಪತ್ರೆ ಖರ್ಚಿಗೋ ಜಮೀನು ಮಾರಲು ಹೋದಾಗ, ಇದೇ ಮೆಸೇಜ್ ತೋರಿಸಿ ಬೆಲೆ ಇಳಿಸುವುದು ದೊಡ್ಡ ಅನ್ಯಾಯ.

ಪರೀಕ್ಷಿಸುವುದು ಕಷ್ಟವೇನಲ್ಲ. ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ತಾತನಿಗೆ ಮಂಜೂರಾದ ಜಮೀನು ಮೊಮ್ಮಗನ ಹೆಸರಿಗೆ ಬಂದರೂ ಮಂಜೂರಾತಿ ಜಮೀನೇ, ಅಲ್ವಾ? ಹಾಗಾಗಿ ತಾಲ್ಲೂಕು ಕಚೇರಿಯಲ್ಲಿ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಮಂಜೂರಾತಿ ಕಡತದ ನಕಲು ಕೇಳಿ. ಜಮೀನು ಮಂಜೂರಾದಾಗ ಕೊಡುವ ಸಾಗುವಳಿ ಚೀಟಿ ಇದ್ದರೆ ಅದರಲ್ಲಿನ ಷರತ್ತು ಓದಿ. ಬರೀ ಇಸಿ (ಋಣಭಾರ ಪ್ರಮಾಣಪತ್ರ) ನಂಬಬೇಡಿ, ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ.