ಎರಡೂ ಹತ್ತೇ ಸಾರ್!

ಪುಟದ ಅಕ್ಷರಕ್ಕೂ ಆ ಪುಟದೊಳಗಿನ ಚಿತ್ರದ ಅಕ್ಷರಕ್ಕೂ ತಾಳಮೇಳ ಇಲ್ಲ ಎನ್ನುವುದು ಒಮ್ಮೆ ಕಣ್ಣಿಗೆ ಬಿತ್ತೋ, ಮುಗೀತು. ಆಮೇಲೆ ನೀವು ವರದಿ ಓದುವುದಿಲ್ಲ, ಅಕ್ಷರ ನೋಡುತ್ತೀರಿ. ಸೇತುವೆಯ ಕಂಪನದ ಬಗ್ಗೆ ಯಾರೋ ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧ ಕೈಯಲ್ಲಿದ್ದರೂ ಮನಸ್ಸು ಮಾತ್ರ ‘ಅಯ್ಯೋ, ಬರಹ ಟೈಮ್ಸ್ ಫಾಂಟು, ಗ್ರಾಫು ಏರಿಯಲ್’ ಎಂದು ಕೊರಗುತ್ತದೆ. ಸೇತುವೆ ಬೀಳುತ್ತದೋ ನಿಲ್ಲುತ್ತದೋ, ಅದು ಆಮೇಲಿನ ಮಾತು.

ನಮ್ಮಲ್ಲಿ ಬರಹ ನನ್ನದು, ಅಕ್ಷರ ಜೋಡಿಸಿ ಪುಟ ಕಟ್ಟುವ ತಂತ್ರಾಂಶ ಲೇಟೆಕ್‌ನಲ್ಲಿ. ಚಿತ್ರಗಳು ಡಿಸೈನರ್ ಹುಡುಗನದು, ಚಿತ್ರ ಬರೆಯುವ ತಂತ್ರಾಂಶ ಇಲ್ಲಸ್ಟ್ರೇಟರ್‌ನಲ್ಲಿ. ಒಂದು ದಿನ ಅವನ ಬ್ಲಾಕ್ ಡಯಾಗ್ರಾಮ್ ಪುಟಕ್ಕೆ ಸೇರಿಸಿ ನೋಡಿದರೆ ಲೇಬಲ್‌ಗಳೆಲ್ಲ ಇರುವೆ ಸಾಲು.

“ಅಕ್ಷರ ಚಿಕ್ಕದಾಯ್ತಲ್ಲಪ್ಪ?”

“ಇಲ್ಲ ಸಾರ್, ನೀವು ಹತ್ತು ಪಾಯಿಂಟ್ ಅಂದ್ರಿ, ನಾನೂ ಹತ್ತೇ ಹಾಕಿದ್ದೀನಿ. ಎರಡೂ ಹತ್ತೇ ಸಾರ್!”

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವನು ಚಿತ್ರ ಬರೆದದ್ದು ಎ4 ಹಾಳೆಯ ಪೂರ್ತಿ ಅಗಲಕ್ಕೆ, ಅಂದರೆ 595 ಪಾಯಿಂಟಿಗೆ (ಪಾಯಿಂಟ್ ಎಂದರೆ ಅಚ್ಚಿನ ಅಳತೆ, ಇಂಚಿನ ಸುಮಾರು 72ನೇ ಒಂದು ಭಾಗ). ನನ್ನ ಪುಟದಲ್ಲಿ ಸಾಲಿನ ಅಗಲ 345. ಚಿತ್ರವನ್ನು ‘ಸಾಲಿನ ಅಗಲಕ್ಕೆ ಕೂರಿಸು’ ಎಂದರೆ ಲೇಟೆಕ್ ಮರುಮಾತಿಲ್ಲದೆ ಎಲ್ಲವನ್ನೂ ಹಿಂಡಿ ಕೂರಿಸುತ್ತದೆ. ಹತ್ತು ಹೋಗಿ 5.8 ಆಗುತ್ತದೆ, ಗೆರೆಗಳೂ ಅದೇ ಲೆಕ್ಕದಲ್ಲಿ ಸೊರಗುತ್ತವೆ. ಆದ್ದರಿಂದ ಮೊದಲೇ 345ರ ಅಗಲಕ್ಕೆ ಬರೆದು ಒಂದಕ್ಕೊಂದು ಅಳತೆಯಲ್ಲೇ ಸೇರಿಸಬೇಕು, ಎಳೆಯುವುದು ಕುಗ್ಗಿಸುವುದು ಕೂಡದು ಎಂದು ವಿವರಿಸಿದೆ. ಹುಡುಗ ತಲೆಯಾಡಿಸಿದ. ವಿಷಯ ಅಲ್ಲಿಗೇ ಬಿಡಬಹುದಿತ್ತು. ಸುಮ್ಮನಿರಲಾರದೆ, ಲೇಟೆಕ್ಕಿಗೆ ಮೂಲವಾದ ಟೆಕ್‌ನ ಪಾಯಿಂಟೇ ಬೇರೆ, ಇಂಚಿಗೆ 72.27, ನಿನ್ನ ಸಾಫ್ಟ್‌ವೇರಿನದು ಇಂಚಿಗೆ ಸರಿಯಾಗಿ 72, ಹಾಗಾಗಿ ನನ್ನ ಹತ್ತು ನಿನ್ನಲ್ಲಿ 9.963 ಎಂದೂ ಸೇರಿಸಿದೆ. ಈ ಕೂದಲೆಳೆಯ ವ್ಯತ್ಯಾಸ ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಕಾಯಿಲೆ ಅಂಟಿಕೊಂಡಿತು. ಸಂಜೆ ಮೆಸೇಜ್ ಬಂತು: “ಸಾರ್, ಆ 345 ಯಾವ ಪಾಯಿಂಟು? ಟೆಕ್ಕಿನದಾದ್ರೆ ಚಿತ್ರದ ಆರ್ಟ್‌ಬೋರ್ಡ್ 343.71 ಇಡಬೇಕಲ್ವಾ?”

ಅಳತೆ ಕೂಡಿತು, ಇನ್ನು ಫಾಂಟು. ಲೇಟೆಕ್‌ನ ಹುಟ್ಟುಗುಣದ ಫಾಂಟು ಕಂಪ್ಯೂಟರ್ ಮಾಡರ್ನ್. ಡೊನಾಲ್ಡ್ ಕ್ನೂತ್ ಎಂಬ ಮಹಾನುಭಾವರು 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಪ್ರೂಫ್ ನೋಡಿ, ಅಚ್ಚಿನ ಅಂದಗೇಡಿತನ ಸಹಿಸಲಾಗದೆ, ಅಕ್ಷರ ಜೋಡಿಸುವ ಟೆಕ್ ಎಂಬ ತಂತ್ರಾಂಶವನ್ನೇ ಬರೆಯಲು ಕೂತರು. ಜೊತೆಗೆ ಫಾಂಟನ್ನೂ ಮಾಡಿದರು. ನಾವಾದರೆ ಪ್ರೆಸ್ಸಿನವರಿಗೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆವು. ಅವರ ಶಿಸ್ತು ಎಷ್ಟೆಂದರೆ 10, 7, 5 ಪಾಯಿಂಟುಗಳಿಗೆ ಬೇರೆ ಬೇರೆ ಅಕ್ಷರರೂಪಗಳಿವೆ. ಐದರ ಅಕ್ಷರ ಹತ್ತರದ್ದರ ಅರ್ಧವಲ್ಲ. ಚಿಕ್ಕದಾದರೂ ಓದಲು ಬರಲಿ ಎಂದು ಹೋಲಿಕೆಯಲ್ಲಿ ಅಗಲ, ದಪ್ಪ. ಹತ್ತನ್ನೇ ಕುಗ್ಗಿಸಿ ಐದು ಮಾಡಿದರೆ ಜ್ವರ ಬಂದು ಎದ್ದವನಂತೆ ಕಾಣುತ್ತದೆ.

ಅದಕ್ಕೇ ಹುಡುಗ ಒಂದು ಉಪಾಯ ಮಾಡಿದ. ಗ್ರಾಫುಗಳು ಹೇಗೂ ಕಂಪ್ಯೂಟರ್ ಮಾಡರ್ನ್‌ನಲ್ಲೇ ಪಿಡಿಎಫ್ ಆಗಿ ಬರುತ್ತಿದ್ದವು; ಅವನ್ನೇ ತನ್ನ ಸಾಫ್ಟ್‌ವೇರಿನಲ್ಲಿ ತೆರೆದು ಬಣ್ಣ ಮಾತ್ರ ಬದಲಿಸಿ ಕೊಟ್ಟ. ಅಕ್ಷರ ಚೆನ್ನಾಗಿ ಕೂಡಿತ್ತು. ವರದಿ ಹಿರಿಯರೊಬ್ಬರ ಮೇಜಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಫೋನು: “ಏನ್ರೀ ಇದು ಉಷ್ಣಾಂಶದ ಗ್ರಾಫು? ಎಡಗಡೆ ಇಪ್ಪತ್ತು, ಹತ್ತು, ಸೊನ್ನೆ. ಬಲಗಡೆ ಮತ್ತೆ ಹತ್ತು, ಇಪ್ಪತ್ತು. ನಿಮ್ಮ ಯಂತ್ರಕ್ಕೆ ಚಳಿಗಾಲವೇ ಇಲ್ವಾ?”

ಮೈನಸ್ ಚಿಹ್ನೆಗಳು ಒಂದೂ ಬಿಡದಂತೆ ನಾಪತ್ತೆ. ಆ ಹಳೇ ಫಾಂಟುಗಳಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರಿನ ಮನೆ; ಮೈನಸ್ ಕೂತಿರುವುದು ಸೊನ್ನೇ ನಂಬರಿನ ಮನೆಯಲ್ಲಿ. ‘ಎಫ್-ಎಫ್-ಐ’ ಕೂಡಕ್ಷರ 14ನೇ ಮನೆಯಲ್ಲಿ. ಬೇರೆ ತಂತ್ರಾಂಶಗಳ ಲೆಕ್ಕದಲ್ಲಿ ಆ ಮನೆಗಳು ಅಚ್ಚಾಗದ ಸಂಜ್ಞೆಗಳಿಗೆ ಮೀಸಲು. ಹಾಗಾಗಿ ಅಲ್ಲಿದ್ದವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪಕ್ಕದ ಗ್ರಾಫಿನಲ್ಲಿ ‘ಎಫಿಶಿಯೆನ್ಸಿ’ ಎಂಬ ಇಂಗ್ಲಿಷ್ ಪದ ನಡುವಿನ ಮೂರಕ್ಷರ ಉದುರಿ ಬೊಚ್ಚುಬಾಯಿ ತೆರೆದಿತ್ತು.

ಮುಂದಿನ ಪ್ರಯೋಗ, ಡಿಟಿಪಿಯವರು ಹೇಳುವ ‘ಕರ್ವ್ಸ್ ಮಾಡೋದು’. ಅಕ್ಷರವನ್ನು ಗೆರೆಯಾಗಿ ಕರಗಿಸಿಬಿಟ್ಟರೆ ಫಾಂಟಿನ ಗೊಡವೆಯೇ ಇಲ್ಲ. ನಿಜ. ಆದರೆ ‘ವಾಲ್ವ್’ ಕಾಗುಣಿತ ತಪ್ಪಿದೆ ಎಂದು ಗೊತ್ತಾಗುವುದು ಯಾವಾಗಲೂ ಕರ್ವ್ಸ್ ಮಾಡಿದ ಮೇಲೆಯೇ. ಚಿತ್ರ ಬರೆಯುವ ಇನ್ನೊಂದು ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಇದಕ್ಕಿಂತ ಚಂದದ ದಾರಿ ಇದೆ: ಚಿತ್ರ ಒಂದು ಪಿಡಿಎಫ್, ಅಕ್ಷರಗಳೆಲ್ಲ ಇನ್ನೊಂದು ಕಡತ, ಅಕ್ಷರ ಹಾಕುವ ಕೆಲಸ ಲೇಟೆಕ್ಕಿನದೇ. ಫಾಂಟು ತಾನಾಗಿ ಕೂಡುತ್ತದೆ, ನನ್ನ ಮತ ಇದಕ್ಕೇ. ಆದರೆ ಪದ ಎಷ್ಟು ಉದ್ದ ಬರುತ್ತದೆ ಎಂದು ಇಂಕ್‌ಸ್ಕೇಪ್‌ಗೆ ಗೊತ್ತಿಲ್ಲ. ಲೇಬಲ್‌ಗಳನ್ನು ನಡುವಿಗೆ ಹೊಂದಿಸುವ ಮೊದಲು ನಮ್ಮ ‘ಕಂಟ್ರೋಲರ್’ ಡಬ್ಬಿಯಿಂದ ಹೊರಗೆ ಕೈಚಾಚಿ ಪಕ್ಕದ ‘ಸೆನ್ಸರ್’ ಮೈಮೇಲೆ ಬಿದ್ದಿತ್ತು.

ಅಂತೂ ಎಲ್ಲ ಕೂಡಿ ಸಮ್ಮೇಳನದ ಪೋರ್ಟಲ್‌ಗೆ ಏರಿಸಿದೆವು. ತಿರಸ್ಕೃತ. ಕಾರಣ: ಹೆಲ್ವೆಟಿಕಾ ಫಾಂಟು ಎಂಬೆಡ್ ಆಗಿಲ್ಲ, ಅಂದರೆ ಕಡತದೊಳಗೇ ಸೇರಿಲ್ಲ.

“ನಾವು ಹೆಲ್ವೆಟಿಕಾ ಬಳಸೇ ಇಲ್ವಲ್ಲ ಸಾರ್!”

ಪಿಡಿಎಫ್ ಶುರುವಾದಾಗ 14 ಫಾಂಟುಗಳು ಓದುವವರ ಬಳಿ ಇದ್ದೇ ಇರುತ್ತವೆ ಎಂಬ ಲೆಕ್ಕವಿತ್ತು. ಹೆಲ್ವೆಟಿಕಾ ಅದರಲ್ಲಿ ಒಂದು. ಅದನ್ನು ಎಂಬೆಡ್ ಮಾಡದೆ ಕಳಿಸುವ ಹಳೇ ಚಾಳಿ ಕೆಲವು ತಂತ್ರಾಂಶಗಳಿಗೆ ಇನ್ನೂ ಹೋಗಿಲ್ಲ. ಸರಿ, ಅದು ಇರುವುದಾದರೂ ಎಲ್ಲಿ? ಫಾಂಟುಗಳ ಪಟ್ಟಿ ಕೊಡುವ ಕಮಾಂಡನ್ನು ಒಂದೊಂದೇ ಚಿತ್ರದ ಮೇಲೆ ಓಡಿಸುತ್ತಾ ಬಂದೆವು. ಸಿಕ್ಕಿತು. ಒಂದು ಗ್ರಾಫಿನ ತಲೆಯ ಮೇಲೆ, ಶೀರ್ಷಿಕೆ ಬೇಡ ಎಂದು ಯಾರೋ ತುಂಬಿದ್ದ ಒಂದೇ ಒಂದು ಸ್ಪೇಸ್. ಏನೂ ಇಲ್ಲದ ಆ ಖಾಲಿ ಜಾಗ ಹೆಲ್ವೆಟಿಕಾದಲ್ಲಿತ್ತು.

ಡಿಲೀಟ್ ಒತ್ತಿದೆ. ಹುಡುಗ ಪರದೆಯ ಹತ್ತಿರ ಬಗ್ಗಿ, ಜಾಗ ಹೋದ ಜಾಗವನ್ನೇ ಪರೀಕ್ಷಿಸಿ ಹೇಳಿದ: “ಈಗ ನೋಡೋಕೆ ಚೆನ್ನಾಗಿದೆ ಸಾರ್.”