"ಸುಮ್ನೆ ಕೂತಿರಿ" ಅಂತ ಹಿರಿಯರಿಗೆ ಹೇಳಬೇಡಿ

ಮನೆಯಲ್ಲಿ ಹಿರಿಯರು ಒಮ್ಮೆ ಬಿದ್ದರೆ ಸಾಕು, ಮರುದಿನದಿಂದ ಎಲ್ಲರದೂ ಒಂದೇ ಮಾತು: "ನೀವು ಸುಮ್ನೆ ಕೂತಿರಿ, ಏನು ಬೇಕೋ ನಾವೇ ತಂದು ಕೊಡ್ತೀವಿ." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಎರಡನೇ ಸಲ ಬೀಳೋದಕ್ಕೆ ಈ ಮಾತೇ ದಾರಿ ಮಾಡಿಕೊಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜಿ ಬೆಳಗಾದರೆ ಪೂಜೆಗೆ ಹೂ ಕೊಯ್ಯುತ್ತಾ ಕಾಂಪೌಂಡ್ ಸುತ್ತುತ್ತಿದ್ದರು. ಬಚ್ಚಲಲ್ಲಿ ಒಮ್ಮೆ ಜಾರಿದರು. ಮೂಳೆ ಮುರಿಯಲಿಲ್ಲ, ಆದರೆ ಹೂವಿನ ಬುಟ್ಟಿ ಮೊಮ್ಮಗನ ಕೈಗೆ ಹೋಯಿತು. ಈಗ ಪ್ಲಾಸ್ಟಿಕ್ ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರುತ್ತಾರೆ, ಒಂದೆರಡು ಸಲ ಮುಂದಕ್ಕೆ ವಾಲಿ ನೋಡುತ್ತಾರೆ, ಎದ್ದ ಮೇಲೆ ಗೋಡೆ ಸಿಗುವ ತನಕ ಕೈ ಚಾಚಿಕೊಂಡೇ ಇರುತ್ತಾರೆ. ಕೂತಷ್ಟೂ ತೊಡೆಯ ಬಲ ಇಳಿಯುತ್ತದೆ. ಬಲ ಇಳಿದಷ್ಟೂ ಭಯ ಜಾಸ್ತಿ.

"ವಯಸ್ಸಾಯ್ತಲ್ಲ, ಬೀಳೋದು ಸಹಜ" ಅನ್ನೋದನ್ನೂ ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ಅದರಲ್ಲಿ 60 ದಾಟಿದವರೇ ಜಾಸ್ತಿ. ಹಾಗಂತ ವಯಸ್ಸೊಂದನ್ನೇ ದೂರಿ ಸುಮ್ಮನಾಗಬಾರದು, ಹುಡುಕಿದರೆ ಎಷ್ಟೋ ಸಲ ಬೇರೆ ಕಾರಣ ಸಿಗುತ್ತದೆ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ ತಗೊಳ್ಳುವ ಕೆಲವರಿಗೆ ಎದ್ದು ನಿಂತ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ನಿದ್ದೆ ಮಾತ್ರೆ ನುಂಗಿದವರು ರಾತ್ರಿ ಮೂತ್ರಕ್ಕೆ ಏಳುವ ಹೊತ್ತಿಗೆ ಇನ್ನೂ ಅರೆ ಮಂಪರಿನಲ್ಲೇ ಇರುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದರೆ ಕಾಲಡಿಯ ನೆಲವೇ ಸರಿಯಾಗಿ ಗೊತ್ತಾಗುವುದಿಲ್ಲ. ಇನ್ನು ಕಣ್ಣಿನ ಪೊರೆ ಅಂತೂ ಇದ್ದೇ ಇದೆ. ತಗೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಮನೆ ಕಟ್ಟುವಾಗ ಮುಖ ಕಾಣುವಷ್ಟು ಹೊಳೆಯೋ ಟೈಲ್ಸ್ ಹಾಕಿಸುತ್ತೇವೆ. ಬಚ್ಚಲ ಗೋಡೆಗೆ ಒಂದು ಗಟ್ಟಿ ಹಿಡಿಕೆ ಹಾಕಿಸಲು ಮಾತ್ರ ನೆನಪಾಗುವುದಿಲ್ಲ. ಜಾರಿದಾಗ ಹಿರಿಯರ ಕೈಗೆ ಸಿಗುವುದು ಟವೆಲ್ ಹಾಕುವ ರಾಡು. ಅದು ಮನುಷ್ಯರ ಭಾರ ತಡೆಯುತ್ತದಾ? ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಮಲೆನಾಡಿನಲ್ಲಿ ಪಾಚಿ ಕಟ್ಟುವ ಅಂಗಳದಲ್ಲಿ ಯಾರೂ ಜಾರದಿರಲಿ ಅಂತ ಮಳೆಗಾಲದಲ್ಲಿ ಅಡಿಕೆ ಸೋಗೆ ಹಾಸುತ್ತಾರೆ. ಆ ಕಾಳಜಿ ಮನೆಯೊಳಗೂ ಬರಬೇಕು, ಅಲ್ವಾ?

ನನಗೆ ತುಂಬಾ ಬೇಜಾರಾಗುವ ಸಂಗತಿ ಇನ್ನೊಂದಿದೆ. ಎಷ್ಟೋ ಹಿರಿಯರು ಬಿದ್ದದ್ದನ್ನು ಹೇಳುವುದೇ ಇಲ್ಲ. ಹೇಳಿದರೆ ಬೈಗುಳ, ಆಮೇಲೆ ದೇವಸ್ಥಾನಕ್ಕೂ ಹೋಗಲು ಬಿಡುವುದಿಲ್ಲ. ಮೊಣಕೈ ಮೇಲೆ ನೀಲಿ ಕಲೆ ಕಂಡರೆ ಗದರಬೇಡಿ. ಯಾವಾಗ ಬಿದ್ದಿರಿ, ಅದಕ್ಕೆ ಮೊದಲು ತಲೆ ಸುತ್ತಿತ್ತಾ ಅಂತ ಪಕ್ಕದಲ್ಲಿ ಕೂತು ಕೇಳಿ.

ಈ ಭಾನುವಾರ ಅಪ್ಪನನ್ನೋ ಅಮ್ಮನನ್ನೋ ಕುರ್ಚಿಯಲ್ಲಿ ಕೂರಿಸಿ. ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಲಿ. ನೀವು ಹತ್ತಿರವೇ ನಿಂತಿರಿ, ಅವಸರ ಮಾಡಬೇಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಆಗ ಡಾಕ್ಟರನ್ನು ಕಂಡು, ಕಾಲಿಗೆ ಬಲ ಬರುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಸಿ.